ದೆವ್ವದ ಹುಡುಗಿಗೆ ಉಡಿ ತುಂಬಿದ ಬೇಸಿಗೆ

ಓದುತ್ತಿರುವ ಎಲ್ಲರಿಗೂ ಶರಣು. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಬರೆದು ರೂಢಿ ಇದ್ದವನಲ್ಲ. ಶಾಲೆಯ ಮೆಟ್ಟಿಲು ಹತ್ತಿದ್ದೇ ತಡವಾಗಿ, ಈ ಮೊಬೈಲಿನಲ್ಲಿ ಕನ್ನಡ ಒತ್ತುವುದನ್ನು ಕಲಿತದ್ದು ಇನ್ನೂ ತಡವಾಗಿ. ಒಂದೇ ಬೆರಳು ನಡೆಯುತ್ತದೆ. ಒಂದು ಒತ್ತಕ್ಷರ ಹುಡುಕುವುದರೊಳಗೆ ಮುಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿರುತ್ತದೆ. ಎಲ್ಲಾದರೂ ಅಕ್ಷರ ತಪ್ಪಿದ್ದರೆ, ಮಾತು ಹಿಂದುಮುಂದಾಗಿದ್ದರೆ ದೊಡ್ಡ ಮನಸ್ಸು ಮಾಡಿ ಹೊಟ್ಟೆಗೆ ಹಾಕಿಕೊಳ್ಳಿರಿ. ಆದರೂ ಈ ಒಂದು ಬೇಸಿಗೆಯ ವಿಷಯ ಬರೆಯಲೇಬೇಕು ಎಂದು ಕುಳಿತಿದ್ದೇನೆ. ಅದನ್ನು ನೆನೆಸಿಕೊಂಡರೆ ಈಗಲೂ ಬಸ್ಸಿನಲ್ಲಿ ಒಬ್ಬನೇ ನಗುತ್ತೇನೆ, ಪಕ್ಕದವರು ಸ್ವಲ್ಪ ಸರಿದು ಕೂರುತ್ತಾರೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮೂರು ವಳಕಮದಿನ್ನಿ. ನಾನು ಎಮ್ಮೆ ಕಾಯ್ದುಕೊಂಡು ಬೆಳೆದವನು. ಎಮ್ಮೆ ಕಾಲುವೆಗೆ ಇಳಿದರೆ ನಾನೂ ಇಳಿಯುತ್ತಿದ್ದೆ, ಅವು ಎದ್ದರೆ ನಾನೂ ಏಳುತ್ತಿದ್ದೆ. ನನ್ನ ತಮ್ಮನನ್ನು ಶಾಲೆಗೆ ಹಾಕುವ ದಿನ ಅವನು ಅತ್ತು ಕರೆದು ರಂಪ ಮಾಡಿದನೆಂದು ಜೊತೆಗಿರಲಿ ಅಂತ ನನ್ನನ್ನೂ ಹಾಕಿದರು. ತಮ್ಮ ಮೂರನೇ ತರಗತಿಗೆ ಬಿಟ್ಟ, ನಾನು ಬಿಡಲಿಲ್ಲ. ಹಾಗಾಗಿ ಹತ್ತನೇ ತರಗತಿಗೆ ಬರುವಷ್ಟರಲ್ಲಿ ನನಗೆ ಮೀಸೆ ದಟ್ಟವಾಗಿತ್ತು. ಹೊಸದಾಗಿ ಬಂದ ಮಾಸ್ತರರೊಬ್ಬರು ನಾನು ಯಾರದೋ ತಂದೆ ಇರಬೇಕೆಂದು ಕುರ್ಚಿ ಕೊಟ್ಟು, ಮಗ ಯಾವ ತರಗತಿ ಎಂದು ಕೇಳಿದ್ದರು. ನಾನು ಕುಳಿತುಕೊಂಡೇ, ಹತ್ತನೇ ತರಗತಿ ಸರ್, ನಾನೇ ಮಗ ಎಂದಿದ್ದೆ.

ಹೈಸ್ಕೂಲಿಗೆ ನಾನು ಮಸ್ಕಿಯಲ್ಲಿ ನಮ್ಮ ಸೋದರತ್ತೆಯ ಮನೆಯಲ್ಲಿದ್ದೆ. ಅತ್ತೆ, ಆಕೆಯ ಅತ್ತೆ ಅಂದರೆ ನಾವೆಲ್ಲ ಆಯಿ ಎಂದು ಕರೆಯುತ್ತಿದ್ದ ಮುದುಕಿ, ದೊಡ್ಡ ಅಂಗಳ, ಅಂಗಳದಲ್ಲಿ ಒಂದು ಬೇವಿನ ಮರ. ಗೋಡೆಯಾಚೆಯ ಮನೆಯಲ್ಲಿ ಒಬ್ಬ ಹುಡುಗಿ ಇದ್ದಳು. ಎಂಟನೇ ತರಗತಿಗೆ ಶಾಲೆ ಬಿಡಿಸಿದ್ದರು. ಅವಳ ವಿಷಯ ಆಮೇಲೆ ಬರುತ್ತದೆ, ಬರದೇ ಎಲ್ಲಿ ಹೋಗುತ್ತದೆ.

ಮೊದಲು ನನ್ನ ಓದಿನ ಬಗ್ಗೆ ಹೇಳಬೇಕು. ನಾನು ಓದುವಾಗ ಬೆರಳು ಸಾಲಿನ ಮೇಲೆ ಹೋಗುತ್ತಿತ್ತು, ಬಾಯಿ ರಾಗ ಎಳೆಯುತ್ತಿತ್ತು. ಶಾಲೆಗೆ ಹೋಗುವ ಮೊದಲು ಯಾರಾದರೂ ಓದಿದ್ದನ್ನು ನಾನು ಕೇಳಿದ್ದೆ ಅಂದರೆ ಅದು ಶ್ರಾವಣದಲ್ಲಿ ಮಠದಲ್ಲಿ ಹಚ್ಚುವ ಪುರಾಣ ಮಾತ್ರ. ಹಾಗಾಗಿ ಓದುವುದು ಎಂದರೆ ರಾಗವಾಗಿ ಓದುವುದು ಎಂದೇ ನನ್ನ ತಲೆಯಲ್ಲಿ ಕುಳಿತಿತ್ತು. ವಿಜ್ಞಾನದ ಪಾಠವನ್ನೂ ಹಾಗೆಯೇ ಓದುತ್ತಿದ್ದೆ. ಹುಡುಗರು ನಗುತ್ತಿದ್ದರು.

ನಮ್ಮ ಕಡೆಯ ಪುರಾಣದ ರಿವಾಜು ಗೊತ್ತಿಲ್ಲದವರಿಗೆ ಎರಡು ಮಾತು. ಪೀಠದ ಮೇಲೆ ಪುಸ್ತಕ ಇಟ್ಟು ಒಬ್ಬರು ಒಂದೊಂದೇ ಸಾಲು ಓದುತ್ತಾರೆ. ಇನ್ನೊಬ್ಬರು ಅದರ ಅರ್ಥ ಹೇಳುತ್ತಾರೆ. ಓದುವವರು ಬರೆದದ್ದನ್ನು ಮಾತ್ರ ಓದಬೇಕು. ಅರ್ಥ ಹೇಳುವವರಿಗೆ ಬಾಯಿಗೆ ಕಟ್ಟಿಲ್ಲ, ಎಲ್ಲಿಂದ ಎಲ್ಲಿಗೆ ಬೇಕಾದರೂ ಹೋಗಿ ಬರಬಹುದು. ಪುರಾಣದಲ್ಲಿ ಕೂಸು ಹುಟ್ಟುವ ಅಧ್ಯಾಯ ಬಂದ ದಿನ ಕೇಳುವವರು ನಿಜವಾಗಿಯೂ ತೊಟ್ಟಿಲು ಕಟ್ಟಿ ತೂಗುತ್ತಾರೆ. ಮದುವೆಯ ಅಧ್ಯಾಯ ಬಂದ ದಿನ ಅಕ್ಷತೆ ಹಾಕಿ, ಉಡಿ ಅಂದರೆ ಮಡಿಲು ತುಂಬಿ, ಹುಗ್ಗಿ ಉಣ್ಣುತ್ತಾರೆ. ಒಮ್ಮೆ ಪೀಠ ಹಾಕಿದ ಮೇಲೆ ಕೊನೆಗೆ ಮಂಗಳ ಹಾಡುವ ತನಕ ನಡುವೆ ಬಿಡುವ ಹಾಗಿಲ್ಲ.

ಆ ಬೇಸಿಗೆ ನಾನು ಹತ್ತನೆಯ ಪರೀಕ್ಷೆ ಬರೆದು ರಿಸಲ್ಟಿಗೆ ಕಾಯುತ್ತಿದ್ದೆ. ಊರಿಗೆ ಹೋದವನು ಮಸ್ಕಿಗೆ ಮರಳುವಾಗ ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಹೊತ್ತಿತ್ತು. ಅಲ್ಲೇ ಹತ್ತಿರ ಪುಸ್ತಕ ಬಾಡಿಗೆಗೆ ಕೊಡುವ ಒಂದು ತಗಡಿನ ಡಬ್ಬಿ ಅಂಗಡಿ. ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರು ತೆಲುಗು ಪುಸ್ತಕ ಒಯ್ಯುತ್ತಿದ್ದರು, ನಮ್ಮವರು ಕನ್ನಡದ್ದು. ದಾರಕ್ಕೆ ನೇತುಹಾಕಿದ್ದ ಒಂದು ಕಾದಂಬರಿಯ ಹೊದಿಕೆ ನೋಡಿ ನನ್ನ ಕಾಲು ನಿಂತವು. ಬಿಳಿ ಸೀರೆಯ ಹುಡುಗಿ, ಆದರೆ ಅವಳ ಮೈಯೊಳಗಿಂದ ಹಿಂದಿನ ಚಂದ್ರ ಕಾಣುತ್ತಿದ್ದಾನೆ. ಮುಂದೆ ಕಾಲರ್ ಎತ್ತಿಕೊಂಡ ಕಾಲೇಜು ಹುಡುಗ. ಅಂಗಡಿಯವನು ನನ್ನ ಮೀಸೆ ನೋಡಿ, ಇದು ಹೈಸ್ಕೂಲು ಕಾಲೇಜು ಹುಡುಗ ಹುಡುಗಿಯರು ಒಯ್ಯುವ ಪುಸ್ತಕ, ನಿಮಗೆ ಬೇರೆ ಕೊಡಲೇನು ಎಂದ. ನಾನೂ ಹೈಸ್ಕೂಲೇ ಎಂದು ಹೇಳಿ ತೆಗೆದುಕೊಂಡೆ.

ಕಥೆ ಹೀಗಿತ್ತು. ಕಾಲೇಜು ಹುಡುಗ ಮೋಟರ್ ಸೈಕಲ್ ಮೇಲೆ ದಾರಿ ತಪ್ಪಿ ಬೆಟ್ಟದ ಮೇಲಿನ ಪಾಳು ಬಂಗಲೆಗೆ ಬರುತ್ತಾನೆ. ಒಬ್ಬ ಹುಡುಗಿ ಕಂದೀಲು ಹಿಡಿದು ಬಾಗಿಲು ತೆಗೆಯುತ್ತಾಳೆ. ಮಾತಾಡುತ್ತಾರೆ, ನಗುತ್ತಾರೆ. ಮರುದಿನ ಕೆಳಗಿನ ಊರಿನವರು ಹೇಳುತ್ತಾರೆ, ಆಕೆ ಸತ್ತು ಎಷ್ಟೋ ಕಾಲವಾಯಿತು ಎಂದು. ಆದರೆ ಅಷ್ಟರಲ್ಲಿ ಹುಡುಗನ ಮನಸ್ಸು ಅಲ್ಲೇ ಉಳಿದುಬಿಟ್ಟಿದೆ. ನನ್ನದೂ ಉಳಿದುಬಿಟ್ಟಿತು. ಮಸ್ಕಿ ಬರುವ ತನಕ ನಾನು ತಲೆ ಎತ್ತಲಿಲ್ಲ.

ಅತ್ತೆಯ ಅಂಗಳದಲ್ಲಿ ಆಗ ಶೇಂಗಾ ಸುಲಿಯುವ ಕೆಲಸ ನಡೆದಿತ್ತು. ಮುಂಗಾರು ಬಿತ್ತನೆಯ ಬೀಜ. ಮಷೀನಿಗೆ ಹಾಕಿದರೆ ಕಾಳು ಒಡೆಯುತ್ತದೆ ಅಂತ ವ್ಯಾಪಾರಿ ಚೀಲಗಟ್ಟಲೆ ಮನೆಗಳಿಗೆ ಕಳಿಸುತ್ತಿದ್ದ. ಓಣಿಯ ಹೆಂಗಸರೆಲ್ಲ ಊಟ ಮುಗಿಸಿ ಬೇವಿನ ನೆರಳಿಗೆ ಬಂದು ಕುಳಿತು ಸುಲಿಯುತ್ತಿದ್ದರು. ಗೋಡೆಯಾಚೆಯ ಹುಡುಗಿ, ಅವಳ ತಾಯಿ ಕೂಡ. ನಾನು ಕಟ್ಟೆಯ ಮೇಲೆ ಕುಳಿತು ತುಟಿ ಅಲ್ಲಾಡಿಸುತ್ತ ಓದುತ್ತಿದ್ದೆ. ಅತ್ತೆ, ಒಬ್ಬನೇ ಏನು ಗುಣುಗುಣು, ನಮಗೂ ಕೇಳುವ ಹಾಗೆ ಓದು ಎಂದಳು.

ಓದಿದೆ. ರಾಗವಾಗಿಯೇ ಓದಿದೆ, ಬೇರೆ ಬರುತ್ತಿರಲಿಲ್ಲವಲ್ಲ.

ಒಂದು ಸಾಲು ಮುಗಿದಿತ್ತಷ್ಟೇ. ಮೂಲೆಯಲ್ಲಿ ಕುಳಿತಿದ್ದ ಆಯಿ ಕೈ ಎತ್ತಿ ನಿಲ್ಲಿಸಿದಳು. ಆಯಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಜೀವಮಾನವೆಲ್ಲ ಪುರಾಣ ಕೇಳಿದವಳು. ರಾಗ ಕಿವಿಗೆ ಬಿದ್ದ ಕೂಡಲೇ ಅರ್ಥ ಹೇಳದೆ ಇರುವುದು ಅವಳಿಂದ ಆಗುವಂತಿರಲಿಲ್ಲ. ನಾನು ಓದಿದ್ದು, ಅವಳ ತುಟಿಗಳು ಹಿಮದಂತೆ ತಣ್ಣಗಿದ್ದವು ಎಂದು. ಮಸ್ಕಿಯಲ್ಲಿ ಹಿಮ ಯಾರು ಕಂಡಿದ್ದಾರೆ.

"ಅಂದ್ರ ಏನಂದ್ರ," ಎಂದಳು ಆಯಿ, "ಹೊಸಾ ಮಣ್ಣಿನ ಹರವ್ಯಾಗಿನ ನೀರು ಹೆಂಗ ಇರತೈತಿ, ಹಂಗ. ಬ್ಯಾಸಿಗಿ ದಿನದಾಗ ಇಂಥಾ ಸೊಸಿ ಸಿಗಬೇಕು ನೋಡ್ರಿ."

ಹೆಂಗಸರು ನಕ್ಕು ನಕ್ಕು ಶೇಂಗಾ ತುಂಬಿದ ಮೊರಗಳನ್ನು ಕೆಳಗಿಟ್ಟರು. ಅಲ್ಲಿಗೆ ಅದು ಬರೀ ಕಾದಂಬರಿಯಾಗಿ ಉಳಿಯಲಿಲ್ಲ. ಮರುದಿನ ನಾನು ಬರುವಷ್ಟರಲ್ಲಿ ಅಂಗಳ ಸಾರಿಸಿ, ಒಂದು ಮಣೆ ಹಾಕಿ, ಮೇಲೆ ತೊಳೆದ ವಸ್ತ್ರ ಹಾಸಿ, ಪುಸ್ತಕಕ್ಕೆ ಪೀಠ ಮಾಡಿಟ್ಟಿದ್ದರು. ಬಿಳಿ ಸೀರೆಯ ದೆವ್ವದ ಹೊದಿಕೆಗೆ ಎರಡು ಮಲ್ಲಿಗೆ ಕೂಡ ಏರಿಸಿದ್ದರು.

ಅವತ್ತಿನಿಂದ ದಿನವೂ ಮಧ್ಯಾಹ್ನ ನಮ್ಮ ಅಂಗಳದಲ್ಲಿ ದೆವ್ವದ ಪುರಾಣ. ಎಂಥೆಂಥ ಪ್ರಶ್ನೆ ಬರುತ್ತಿದ್ದವು ಅಂತೀರಿ. ಆಕೆಯ ಪಾದ ನೆಲಕ್ಕೆ ತಾಗುತ್ತಿರಲಿಲ್ಲ ಎಂದು ಪುಸ್ತಕದಲ್ಲಿತ್ತು. ನಮ್ಮ ಕಡೆ ದೆವ್ವದ ಪಾದ ಹಿಂದುಮುಂದಾಗಿರುತ್ತದೆ. ಹಾಗಿದ್ದರೆ ಮದುವೆಯಲ್ಲಿ ಕಾಲುಂಗುರ ಯಾವ ಕಡೆಯಿಂದ ತೊಡಿಸಬೇಕು ಎಂದು ಒಂದು ಮಧ್ಯಾಹ್ನವೆಲ್ಲ ಚರ್ಚೆ ಆಯಿತು. ಆಕೆಯ ತವರು ಯಾವುದು ಎಂದು ಕೇಳಿದರು. ಪುಸ್ತಕದಲ್ಲಿ ಬೆಟ್ಟದ ಮೇಲಿನ ಬಂಗಲೆ ಎಂದಷ್ಟೇ ಇತ್ತು. ಬೆಟ್ಟ, ಕಲ್ಲು, ಪಾಳು ಗೋಡೆ ಎಂದ ಮೇಲೆ ಮುದಗಲ್ ಕೋಟೆಯೇ ಇರಬೇಕು ಎಂದು ಆಯಿ ತೀರ್ಮಾನ ಕೊಟ್ಟಳು. ಆ ಮೇಲೆ ದೆವ್ವದ ಹುಡುಗಿ ನಮ್ಮ ಕಡೆಯವಳೇ ಆದಳು, ಎಲ್ಲರಿಗೂ ಅವಳ ಮೇಲೆ ಇನ್ನಷ್ಟು ಕಾಳಜಿ ಬಂತು. ಕಾಲೇಜು ಹುಡುಗನ ಮೇಲೆ ಮಾತ್ರ ಯಾರಿಗೂ ಭರವಸೆ ಇರಲಿಲ್ಲ. ಬರೀ ನಿಟ್ಟುಸಿರು ಬಿಡುತ್ತಾನೆ, ಒಂದು ಸಲವೂ ಉಂಡದ್ದು ಬರೆದಿಲ್ಲ ಎಂದು ಗೊಣಗುತ್ತಿದ್ದರು.

ಒಂದು ದಿನ ಓದುತ್ತ ಓದುತ್ತ ನನ್ನ ಬೆರಳು ಒಂದು ಸಾಲಿನ ಮೇಲೆ ನಿಂತುಬಿಟ್ಟಿತು. ಮುಂದಿನ ಸಾಲಿನಲ್ಲಿ ಇಬ್ಬರೂ ಮುತ್ತು ಕೊಟ್ಟುಕೊಳ್ಳುವುದಿತ್ತು. ಎದುರಿಗೆ ಅತ್ತೆ, ಆಯಿ, ಓಣಿಯ ತಾಯಂದಿರು. ನನ್ನ ಕಿವಿಗಳು ಕಾದು ಹೋದವು. ಗಂಟಲು ಸರಿ ಮಾಡಿಕೊಂಡೆ, ನೀರು ಕುಡಿದೆ, ಮತ್ತೆ ಗಂಟಲು ಸರಿ ಮಾಡಿಕೊಂಡೆ. ಆಯಿಗೆ ತಿಳಿಯಿತು. ಓದದೇ ಇದ್ದ ಸಾಲಿಗೆ ಅರ್ಥ ಹೇಳಿದಳು, ಇಬ್ಬರೂ ಒಂದೇ ತಂಬಿಗೆಯಿಂದ ನೀರು ಕುಡಿದರು, ಮುಂದೆ ಓದು ಎಂದು. ಅವತ್ತಿನಿಂದ ನಮ್ಮ ಓಣಿಯಲ್ಲಿ ಯಾರಾದರೂ ಗಂಡ ಹೆಂಡತಿ ಹತ್ತಿರ ಕುಳಿತರೆ, ತಂಬಿಗೆ ತರಲೇನು ಎಂದು ಕೇಳುವ ಚಾಳಿ ಶುರುವಾಯಿತು.

ಈಗ ಆ ಹುಡುಗಿಯ ವಿಷಯ. ಅವಳು ಯಾವಾಗಲೂ ನನ್ನ ಬೆನ್ನ ಹಿಂದೆ, ಬೇವಿನ ಬೊಡ್ಡೆಗೆ ಒರಗಿ ಕುಳಿತು ಸುಲಿಯುತ್ತಿದ್ದಳು. ನಾನು ದೊಡ್ಡ ಶಬ್ದ ಬಂದಲ್ಲಿ ತಡವರಿಸುತ್ತಿದ್ದೆ. ಒಂದು ಸಲ "ಜನ್ಮಜನ್ಮಾಂತರ" ಎಂಬಲ್ಲಿ ಸಿಕ್ಕಿಕೊಂಡೆ. ಹಿಂದಿನಿಂದ ಮೆಲ್ಲಗೆ ಆ ಶಬ್ದ ಬಂತು. ತಿರುಗಿ ನೋಡಿದರೆ ಅವಳು ಶೇಂಗಾದಿಂದ ಕಣ್ಣು ಎತ್ತಿರಲಿಲ್ಲ. ಇನ್ನೊಂದು ಸಲವೂ ಹಾಗೇ, ಮತ್ತೊಂದು ಸಲವೂ ಹಾಗೇ. ಪುಸ್ತಕ ನನ್ನ ಮುಂದೆ, ಅವಳು ನನ್ನ ಹಿಂದೆ, ಶಬ್ದ ಅವಳ ಬಾಯಲ್ಲಿ ಮೊದಲು. ಎರಡು ದಿನ ನನಗೆ ಇದು ದೆವ್ವದ್ದೇ ಕೆಲಸ ಅನ್ನಿಸಿತ್ತು. ಆಮೇಲೆ ಅತ್ತೆ ಹೇಳಿದಳು, ಪೀಠದ ಮೇಲಿನ ಪುಸ್ತಕವನ್ನು ಅವಳು ದಿನವೂ ಮುಂಜಾನೆ ಅಂಗಳ ಗುಡಿಸುವ ನೆವ ಮಾಡಿ ಬಂದು ಓದಿ ಹೋಗುತ್ತಾಳಂತೆ. ನನಗಿಂತ ಎಷ್ಟೋ ಮುಂದೆ ಇದ್ದಳು. ಸಿಕ್ಕಿಕೊಳ್ಳುವ ಶಬ್ದ ಯಾವುದು ಅಂತ ನೋಡಿಟ್ಟುಕೊಂಡು ಬಂದು, ನಾನು ಅಲ್ಲಿಗೆ ತಲುಪುವುದನ್ನು ಕಾಯುತ್ತಿದ್ದಳು.

ಅದು ತಿಳಿದ ಮೇಲೆ ನಾನು ನನಗೆ ಬರುವ ಶಬ್ದಗಳಲ್ಲೂ ಸಿಕ್ಕಿಕೊಳ್ಳತೊಡಗಿದೆ. "ಕಿಟಕಿ" ಎಂಬಲ್ಲಿ ಒಮ್ಮೆ ನಿಂತೆ. ಹಿಂದಿನಿಂದ ಶಬ್ದ ಬರಲಿಲ್ಲ, ಒಂದು ಶೇಂಗಾ ಸಿಪ್ಪೆ ಬಂದು ಕುತ್ತಿಗೆಗೆ ಬಿತ್ತು. ಅವತ್ತು ನಾನು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ.

ಹೀಗೆ ಗಾಳಿಯಲ್ಲಿ ನಡೆಯುತ್ತಿದ್ದವನಿಗೆ ಒಂದು ದಿನ ನೆಲ ತಾಗಿತು. ಲಿಂಗಸುಗೂರಿನ ಕಿರಾಣಿ ಅಂಗಡಿಯವರ ಮನೆಯಿಂದ ಆ ಹುಡುಗಿಯನ್ನು ನೋಡಲು ಬರುತ್ತೇವೆಂದು ಹೇಳಿ ಕಳಿಸಿದ್ದರು. ಅವಳ ತಾಯಿ ಖುಷಿಯಿಂದ ಅಂಗಳದಲ್ಲಿ ಹೇಳಿದಳು. ಹುಡುಗನದು ಸ್ವಂತ ಅಂಗಡಿ, ತೂಕದ ಮನುಷ್ಯ, ಬೇಗ ಕರೆಸಬೇಕು ಎಂದು. ನಾನು ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದೆ ಅಂತ ಅತ್ತೆ ಆಮೇಲೆ ಹೇಳಿದಳು.

ಆಗ ಹಿಂದಿನಿಂದ ಹುಡುಗಿಯ ದನಿ ಬಂತು. ಪೀಠ ಹಾಕಿದ ಪುರಾಣ ಮುಗಿಯದೆ ನಡುವೆ ಹೆಣ್ಣು ತೋರಿಸುತ್ತಾರೇನು, ಕೇಳುವವರು ಎದ್ದು ಹೋದರೆ ದೋಷ ಅಲ್ಲವೇನು ಎಂದು ಬಹಳ ಭಕ್ತಿಯಿಂದ ಕೇಳಿದಳು. ಅವಳ ತಾಯಿ ಭಕ್ತಿವಂತೆ. ದೆವ್ವದ ಪುರಾಣಕ್ಕೂ ಈ ರಿವಾಜು ಉಂಟೋ ಎಂದು ಗೊತ್ತಾಗದೆ ಆಯಿಯ ಕಡೆ ನೋಡಿದಳು.

ಆಯಿ ಶೇಂಗಾ ಒಂದನ್ನು ಒಡೆದು ಬಾಯಿಗೆ ಹಾಕಿಕೊಂಡು ಯೋಚನೆ ಮಾಡಿ, "ಪೀಠ ಅಂದ್ರ ಪೀಠ," ಎಂದಳು. "ಮಂಗಳ ಆಗೂತನ ಬ್ಯಾರೆ ಮಾತು ತಗೀಬ್ಯಾಡ್ರಿ."

ತಾಯಿ ಒಪ್ಪಿದಳು. ಆದರೆ ಲಿಂಗಸುಗೂರಿಗೆ ಹೇಳಿ ಕಳಿಸಿದಳು, ಮಂಗಳವಾದ ಮರುದಿನವೇ ಬನ್ನಿರಿ ಎಂದು. ಈಗ ಎಲ್ಲವೂ ಆ ಪುಸ್ತಕದ ಮೇಲೆ ನಿಂತಿತು. ಉಳಿದ ಹಾಳೆಗಳ ದಪ್ಪವನ್ನು ನಾನು ದಿನವೂ ಬೆರಳಿನಿಂದ ಹಿಡಿದು ನೋಡುತ್ತಿದ್ದೆ. ಸಾವಕಾಶ ಓದುತ್ತಿದ್ದೆ, ರಾಗ ಉದ್ದ ಎಳೆಯುತ್ತಿದ್ದೆ. ಆಯಿಯೂ ಅರ್ಥ ಹೇಳುತ್ತ ಹೇಳುತ್ತ ತನ್ನ ಮದುವೆಯ ತನಕ ಹೋಗಿ ಬರುತ್ತಿದ್ದಳು. ಆದರೂ ಹಾಳೆ ತೆಳ್ಳಗಾಗುತ್ತಲೇ ಹೋದವು, ಬೇಸಿಗೆಯೂ ಮುಗಿಯುತ್ತ ಬಂತು.

ಕೊನೆಯ ಹಾಳೆಗೆ ಬಂದೆವು. ಹುಣ್ಣಿಮೆಯ ದಿನ ಪಾಳು ಗುಡಿಯಲ್ಲಿ ಅವಳ ಕೊರಳಿಗೆ ತಾಳಿ ಕಟ್ಟುತ್ತೇನೆ ಎಂದು ಕಾಲೇಜು ಹುಡುಗ ಆಣೆ ಮಾಡುತ್ತಾನೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಮುಂದಿನ ಕಥೆ ಎರಡನೇ ಭಾಗದಲ್ಲಿ ಎಂದಿತ್ತು. ನಾನು ಆ ಸಾಲನ್ನು ಓದಿದಷ್ಟು ರಾಗವಾಗಿ ಜೀವನದಲ್ಲಿ ಬೇರೆ ಯಾವುದನ್ನೂ ಓದಿಲ್ಲ. ಮುಗಿಯಲಿಲ್ಲ ಅಂದರೆ ಮಂಗಳವಿಲ್ಲ, ಮಂಗಳವಿಲ್ಲ ಅಂದರೆ ಲಿಂಗಸುಗೂರಿನವರಿಲ್ಲ. ಬೇವಿನ ಬೊಡ್ಡೆಯ ಕಡೆಯಿಂದ ಕೆಮ್ಮಿನಂಥ ಒಂದು ನಗು ಕೇಳಿಸಿತು.

ಆದರೆ ಹುಡುಗಿಯ ತಾಯಿಯೂ ಕಥೆ ಕೇಳಿದವಳೇ. ದೆವ್ವದ ಮದುವೆಯನ್ನು ನಡುವೆ ಬಿಟ್ಟು ಮಗಳ ಮದುವೆ ಮಾಡಲು ಅವಳಿಗೂ ಮನಸ್ಸು ಬರಲಿಲ್ಲ. ತಾನೇ ಬಸ್ಸಿನ ರೊಕ್ಕ ಕೊಟ್ಟು, ಎರಡನೇ ಭಾಗ ಎಲ್ಲಿದ್ದರೂ ತೆಗೆದುಕೊಂಡು ಬಾ ಎಂದಳು. ಮಂಗಳದ ದಿನ ಮದುವೆಯ ಅಧ್ಯಾಯ ಬರುತ್ತದಲ್ಲ, ರಿವಾಜಿನಂತೆ ದೆವ್ವದ ಹುಡುಗಿಗೆ ಉಡಿ ತುಂಬೋಣ ಎಂದು ಹೆಂಗಸರು ತಯಾರಿಗೂ ಹತ್ತಿದರು. ಒಬ್ಬರು ಅಕ್ಕಿ, ಒಬ್ಬರು ಕೊಬ್ಬರಿ ಬಟ್ಟಲು, ಒಬ್ಬರು ಉತ್ತತ್ತಿ, ಒಬ್ಬರು ಹಸಿರು ಬಳೆ. ಕುಬಸದ ಖಣ ಯಾವ ಬಣ್ಣದ್ದು ತರಬೇಕು ಎಂದು ಸ್ವಲ್ಪ ತಕರಾರಾಯಿತು. ಆಕೆ ಪಾಪ ಎಷ್ಟು ದಿನದಿಂದ ಬಿಳಿಯೇ ಉಟ್ಟಿದ್ದಾಳೆ ಎಂದು ಕೆಂಪು ತಂದರು. ತಾಯಿಯಿಲ್ಲದ ಹುಡುಗಿ ಎಂದು ಹೇಳಿ ಅತ್ತೆ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ.

ಸಿಂಧನೂರಿಗೆ ಹೋದೆ. ಅಂಗಡಿಯವನು, ಎರಡನೇ ಭಾಗ ಯಾರೋ ಒಯ್ದವರು ತರಲೇ ಇಲ್ಲ, ಲಿಂಗಸುಗೂರು ಬಸ್ ಸ್ಟ್ಯಾಂಡಿನ ಹತ್ತಿರ ಇನ್ನೊಂದು ಬಾಡಿಗೆ ಅಂಗಡಿ ಇದೆ, ಅಲ್ಲಿ ಸಿಗಬಹುದು ಎಂದ. ಯಾವ ಊರು ಎಂದು ಇನ್ನೊಮ್ಮೆ ಕೇಳಿದೆ, ಲಿಂಗಸುಗೂರೇ ಎಂದ. ಸಿಗಲಿಲ್ಲ ಎಂದು ಹೇಳಿ ಮಸ್ಕಿಯಲ್ಲೇ ಇಳಿದಿದ್ದರೆ ಯಾರು ಕೇಳುತ್ತಿದ್ದರು. ಆದರೆ ನಿಜ ಹೇಳುತ್ತೇನೆ, ಆ ದೆವ್ವದ ಹುಡುಗಿಗೆ ಮದುವೆಯಾಯಿತೋ ಇಲ್ಲವೋ ತಿಳಿಯದೆ ನನಗೇ ಇರಲು ಆಗುತ್ತಿರಲಿಲ್ಲ. ಕಥೆ ಹೊಕ್ಕವನಿಗೆ ಬುದ್ಧಿ ಎಲ್ಲಿರುತ್ತದೆ. ಹೋದೆ. ಪುಸ್ತಕ ಅಲ್ಲಿತ್ತು, ಒಂದೇ ಮಧ್ಯಾಹ್ನದಲ್ಲಿ ಮುಗಿಯುವಷ್ಟು ತೆಳ್ಳಗಿತ್ತು.

ಮರಳುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಓದತೊಡಗಿದೆ. ಮಂತ್ರವಾದಿ ಬಂದ, ನಿಂಬೆಹಣ್ಣು ಬಂದವು, ಅವಳನ್ನು ಸೀಸೆಯಲ್ಲಿ ಹಾಕಿದ, ಅವಳು ಸೀಸೆಯಿಂದ ಹೊರಗೆ ಬಂದಳು. ನಾನು ತಲೆ ಎತ್ತಿ ನೋಡಿದಾಗ ಬಸ್ಸು ನಿಂತಿತ್ತು, ಎಲ್ಲರೂ ಇಳಿಯುತ್ತಿದ್ದರು. ಕಂಡಕ್ಟರ್ ನನ್ನನ್ನು ಕೇಳಿದ, ಮಸ್ಕಿ ಟಿಕೆಟ್ ತೆಗೆದುಕೊಂಡವನು ಸಿಂಧನೂರಿಗೆ ಯಾಕೆ ಬಂದೆ ಎಂದು. ಮಸ್ಕಿ ಯಾವಾಗ ಬಂತು, ಯಾವಾಗ ಹೋಯಿತು, ನನಗೆ ಗೊತ್ತೇ ಆಗಿರಲಿಲ್ಲ. ಆದರೆ ನನ್ನ ಮುಖ ನೋಡಿ ಅವನು ಬೈಯಲಿಲ್ಲ, ಮನೆಯಲ್ಲಿ ಯಾರಾದರೂ ಹೋದರೇನು ಎಂದು ಮೆತ್ತಗೆ ಕೇಳಿದ. ಯಾಕೆಂದರೆ ನಾನು ಕೊನೆಯ ಪುಟ ಓದಿದ್ದೆ.

ಕೊನೆಯ ಪುಟದಲ್ಲಿ ಹುಡುಗ ಮೂರನೇ ಗಂಟು ಹಾಕುತ್ತಾನೆ. ಅಷ್ಟರಲ್ಲಿ ಸೂರ್ಯನ ಮೊದಲ ಕಿರಣ ಅವಳ ಮೇಲೆ ಬೀಳುತ್ತದೆ. ಅವಳು ಮಂಜಿನ ಹಾಗೆ ಕರಗಿ ಹೋಗುತ್ತಾಳೆ. ಕಲ್ಲಿನ ಮೇಲೆ ಹೂವು ಮಾತ್ರ ಉಳಿಯುತ್ತವೆ. ಹುಡುಗ ಅದೇ ಕಲ್ಲಿನ ಮೇಲೆ ಕುಳಿತು ಜೀವನವೆಲ್ಲ ಅಳುತ್ತಾನೆ. ಮುಗಿಯಿತು.

ಇದನ್ನು ಹೇಗೆ ಓದುವುದು. ಅಲ್ಲಿ ಕೆಂಪು ಖಣ ಬಂದಿದೆ, ಹುಗ್ಗಿಗೆ ಗೋಧಿ ನೆನೆ ಹಾಕಿದ್ದಾರೆ. ಮರುದಿನ ಮುಂಜಾನೆ ನಳದ ಹತ್ತಿರ ಹುಡುಗಿ ಸಿಕ್ಕಳು. ಕೊಡ ತುಂಬುತ್ತಿತ್ತು. ಈ ಪುಸ್ತಕ ಅವಳ ಕೈಗೆ ಸಿಕ್ಕಿರಲಿಲ್ಲ, ಹಾಗಾಗಿ ಮೊದಲ ಬಾರಿಗೆ ಅವಳಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಆಕಿ ಮದುವಿ ಆಕ್ಕೈತಿಲ್ಲೋ ಎಂದು ಕೇಳಿದಳು. ಆಗುತ್ತದೆ, ಆದರೆ ಓದುವುದು ಕಷ್ಟ, ಸ್ವಲ್ಪ ಬದಲು ಮಾಡಿ ಓದಲೇನು ಎಂದೆ.

"ನೀ ಓದಾಂವ ಅದಿ," ಎಂದಳು. "ಬರದಿದ್ದು ಬರದಂಗ ಓದು. ಅರ್ಥ ಹೇಳಾಕ ಆಯಿ ಅದಾಳ."

ಕೊಡ ತುಂಬಿ ಹರಿಯುತ್ತಿತ್ತು. ಇಬ್ಬರೂ ನೋಡಲಿಲ್ಲ.

ಮಧ್ಯಾಹ್ನ ಅಂಗಳದಲ್ಲಿ ಓಣಿಗೆ ಓಣಿಯೇ ಬಂದಿತ್ತು. ಬಾಗಿಲಿಗೆ ಮಾವಿನ ತೋರಣ. ಪುರಾಣದ ಮದುವೆಯಲ್ಲಿ ಮದುಮಗಳ ಬದಲಿಗೆ ಯಾರನ್ನಾದರೂ ಕೂಡಿಸಿ ಉಡಿ ತುಂಬುವುದು ಪದ್ಧತಿ. ಮದುವೆಯಾಗದ ಹುಡುಗಿ ಯಾರಾದರೂ ಇದ್ದರೆ ಒಳ್ಳೆಯದು ಎಂದು ಆಯಿ ಹೇಳಿ, ಗೋಡೆಯಾಚೆಯ ಹುಡುಗಿಯನ್ನೇ ಪೀಠದ ಎದುರು ಕೂಡಿಸಿದಳು. ದೆವ್ವದ ಪರವಾಗಿ ಕೂರಲು ಅವಳಿಗೆ ಸ್ವಲ್ಪವೂ ಭಯವಿದ್ದಂತೆ ಕಾಣಲಿಲ್ಲ, ನಗು ತಡೆಯುವುದೇ ಅವಳಿಗೆ ಕಷ್ಟವಾಗಿತ್ತು. ನಾನು ಓದುತ್ತಿದ್ದೆ, ಹೆಂಗಸರು ಒಬ್ಬೊಬ್ಬರೇ ಬಂದು ಅವಳ ಸೆರಗಿನಲ್ಲಿ ಅಕ್ಕಿ, ಉತ್ತತ್ತಿ, ಅರಿಷಿಣ ಕೊಂಬು, ಖಣ ಹಾಕುತ್ತಿದ್ದರು. ಮೊದಲ ಗಂಟು ಓದಿದೆ, ಅಕ್ಷತೆ ಬಿದ್ದವು. ಎರಡನೇ ಗಂಟು, ಮತ್ತೆ ಅಕ್ಷತೆ. ಮೂರನೇ ಗಂಟು. ಯಾರೋ ತಾಟು ಬಾರಿಸಿದರು.

ನಾನು ಮುಂದಿನ ಸಾಲು ಓದಿದೆ. ಅವಳು ಮಂಜಿನಂತೆ ಕರಗಿ ಹೋದಳು. ರಾಗ ನಡುಗಿ ನಿಂತಿತು. ತಾಟೂ ನಿಂತಿತು. ಎಲ್ಲರೂ ನನ್ನನ್ನು ನೋಡಿದರು, ನಾನೇ ಕರಗಿಸಿದೆನೇನೋ ಎಂಬ ಹಾಗೆ. ಹಿಂದಿನಿಂದ ಶಬ್ದ ಕೊಡುವವಳು ಈಗ ನನ್ನ ಎದುರಿಗೆ ತುಂಬಿದ ಸೆರಗು ಹಿಡಿದು ಕುಳಿತಿದ್ದಳು, ಅವಳ ಬಾಯಲ್ಲೂ ಶಬ್ದ ಇರಲಿಲ್ಲ. ಹುಡುಗ ಕಲ್ಲಿನ ಮೇಲೆ ಕುಳಿತು ಜೀವನವೆಲ್ಲ ಅತ್ತದ್ದನ್ನೂ ಓದಿ ಮುಗಿಸಿದೆ.

ಹುಡುಗಿಯ ತಾಯಿ, ಹಾಗಾದರೆ ಈ ಉಡಿ ಯಾರಿಗೆ ತುಂಬಿದೆವು ಎಂದು ಮೆಲ್ಲಗೆ ಕೇಳಿದಳು. ಕೆಲವರಿಗೆ ನಿಜವಾಗಿಯೂ ಅಳು ಬಂದಿತ್ತು. ಆಯಿ ಕಣ್ಣು ಮುಚ್ಚಿಕೊಂಡು ಕುಳಿತಿದ್ದಳು. ಅರ್ಥ ಹೇಳುವವರಿಗೂ ದಾರಿ ಮುಗಿಯಿತೇನೋ ಎಂದು ನನಗೆ ಹೆದರಿಕೆ ಆಯಿತು. ಆಮೇಲೆ ಅವಳು ಬೆರಳು ಮಡಿಚಿ ಏನೋ ಲೆಕ್ಕ ಹಾಕಿದಳು.

"ಮೂರೂ ಗಂಟು ಬಿದ್ದುವಲ್ಲ," ಎಂದಳು. "ಮದುವಿ ಆತು. ಈಗ ಯಾವ ತಿಂಗಳ ಹತ್ತಿತು? ಆಷಾಢ ಬಂತಲ್ರೀ. ಆಷಾಢದಾಗ ಹೊಸಾ ಸೊಸಿ ಗಂಡನ ಮನ್ಯಾಗ ಇರತಾಳೇನು? ತವರಿಗಿ ಹೋಗ್ಯಾಳ. ಮುದಗಲ್ ಏನ ದೂರ ಐತಿ?"

ಅಂಗಳಕ್ಕೆ ಜೀವ ಬಂತು. ಹೌದಲ್ಲ, ಹೌದಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಬಿಸಿಲು ಬೀಳುವ ಮೊದಲು ತಂಪು ಹೊತ್ತಿನಲ್ಲಿ ಹೊರಟಳು, ಹೂವು ದಾರಿಯಲ್ಲಿ ಉದುರಿದವು, ಅಷ್ಟೇ. ಎಲ್ಲದಕ್ಕೂ ಅರ್ಥ ಹೊಂದಿಬಿಟ್ಟಿತು. ಆಗ ಯಾರೋ ಕೇಳಿದರು, ತವರಿಗೆ ಹೋದವಳನ್ನು ಕರೆದುಕೊಂಡು ಬರುವುದು ಗಂಡನ ಕೆಲಸ ಅಲ್ಲವೇ, ಇವನು ಕಲ್ಲಿನ ಮೇಲೆ ಯಾಕೆ ಅಳುತ್ತ ಕುಳಿತ ಎಂದು. ಇದಕ್ಕೆ ಆಯಿ ಬಾಯಿ ತೆಗೆಯುವ ಮೊದಲೇ ಪೀಠದ ಎದುರಿನಿಂದ ಉತ್ತರ ಬಂತು. ಹುಡುಗಿ ತಲೆ ತಗ್ಗಿಸಿ, ತನ್ನ ಸೆರಗಿನ ಅಕ್ಕಿಗೆ ಹೇಳುವ ಹಾಗೆ ಹೇಳಿದಳು.

"ಕಾಲೇಜ್ ಕಲ್ತಾಂವ ಕುಂತು ಅಳತಾನ. ಅವನಕಿಂತ ಎಮ್ಮಿ ಕಾದಾಂವ ಚಲೋ. ಕಳದದ್ದು ಹುಡಿಕಿ ಮನಿಗಿ ಹೊಡಕೊಂಡಾರ ಬರ್ತಾನ."

ಆ ಅಂಗಳದಲ್ಲಿ ಎಮ್ಮೆ ಕಾದವನು ಒಬ್ಬನೇ ಇದ್ದ. ಎಲ್ಲರ ಮುಖಗಳೂ ನನ್ನ ಕಡೆ ತಿರುಗಿದವು, ಬೇವಿನ ಮರ ಕೂಡ ತಿರುಗಿದ ಹಾಗೆ ಅನ್ನಿಸಿತು. ನನ್ನ ಬೆರಳು ಇನ್ನೂ ಕೊನೆಯ ಸಾಲಿನ ಮೇಲೇ ಇತ್ತು. ನಗಬೇಕೋ ಓಡಬೇಕೋ ತಿಳಿಯದೆ, ಓದಿದ ಸಾಲನ್ನೇ ಇನ್ನೊಮ್ಮೆ ರಾಗವಾಗಿ ಓದಿದೆ. ಅತ್ತೆ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

ಹುಡುಗಿಯ ತಾಯಿ ಮಾತ್ರ ನಗಲಿಲ್ಲ. ಮಗಳನ್ನು ನೋಡಿದಳು, ನನ್ನನ್ನು ನೋಡಿದಳು, ತುಂಬಿದ ಉಡಿಯನ್ನು ನೋಡಿದಳು. ಲಿಂಗಸುಗೂರಿನವರು ನಾಳೆ ಬರುತ್ತಾರಲ್ಲ ಎಂದು ಆಯಿಯನ್ನು ಕೇಳಿದಳು. ತುಂಬಿದ ಉಡಿಯನ್ನು ಮರಳಿ ಸುರಿಯುವ ಹಾಗಿಲ್ಲ, ಆಷಾಢದಲ್ಲಿ ಹೆಣ್ಣು ತೋರಿಸುವ ಹಾಗೂ ಇಲ್ಲ ಎಂದು ಆಯಿ ಹೇಳಿದಳು. ಎರಡೂ ರಿವಾಜು, ಯಾರೂ ಎದುರಾಡುವಂತಿಲ್ಲ. ತಾಯಿ ಮಗಳ ಸೆರಗಿನಿಂದ ಜಾರಿದ ಉತ್ತತ್ತಿಯೊಂದನ್ನು ಎತ್ತಿ ಮತ್ತೆ ಉಡಿಗೆ ಹಾಕಿದಳು. ಕೊನೆಗೆ ಅತ್ತೆಯ ಕಡೆ ತಿರುಗಿದಳು.

"ನಿಮ್ಮ ಹುಡುಗ ಪಾಸ್ ಆಗ್ತಾನೇನ್ರೀ?"

ಅತ್ತೆ, ಪುರಾಣ ಓದಿದ ಹಾಗೆ ಪರೀಕ್ಷೆ ಬರೆದಿದ್ದರೆ ಇನ್ನೂ ಮೊದಲನೇ ಪುಟದಲ್ಲಿ ಇರುತ್ತಾನೆ ಎಂದಳು. ಈ ಸಲ ಹುಡುಗಿಯ ತಾಯಿಯೂ ನಕ್ಕುಬಿಟ್ಟಳು. ಆಯಿ ಮಂಗಳ ಎತ್ತಿಕೊಂಡಳು. ಹುಗ್ಗಿ ಉಂಡೆವು. ಲಿಂಗಸುಗೂರಿಗೆ ಬೇರೆ ಮಾತು ಹೋಯಿತು. ಆ ಮನೆಯವರು ಬೇಸರಿಸಲಿಲ್ಲ, ಶ್ರಾವಣದಲ್ಲಿ ಅವರಿಗೆ ಮುದಗಲ್ಲಿನಲ್ಲೇ ಹೆಣ್ಣು ಗೊತ್ತಾಯಿತೆಂದು ಕೇಳಿದೆವು. ಅದು ಯಾವ ಮುದಗಲ್ಲಿನ ಹುಡುಗಿ ಎಂದು ನಮ್ಮ ಓಣಿಯವರು ಬಹಳ ದಿನ ನಗಾಡಿದರು.

ನಾನು ಪಾಸಾದೆ, ಥರ್ಡ್ ಕ್ಲಾಸು. ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸ ಹಿಡಿದೆ. ಮದುವೆಯಾಯಿತು, ಬೇವಿನ ಮರದ ಕೆಳಗೇ. ಕೆಂಪು ಖಣದ ಕುಬಸವನ್ನೇ ಅವಳು ತೊಟ್ಟಿದ್ದಳು. ತೊಂಬತ್ತರ ದಶಕವೆಲ್ಲ ನಮ್ಮ ಮನೆಯಲ್ಲಿ ಬಾಡಿಗೆಯ ದೆವ್ವಗಳದೇ ಸಂಸಾರ. ಸಿಂಧನೂರಿನ ಡಬ್ಬಿ ಅಂಗಡಿಯಿಂದ ನಾನು ತರುತ್ತಿದ್ದೆ, ಅವಳು ಮೊದಲು ಓದಿ, ಕಠಿಣ ಶಬ್ದ ನೋಡಿಟ್ಟುಕೊಂಡು, ನಾನು ಗಟ್ಟಿಯಾಗಿ ಓದುವಾಗ ಅಲ್ಲಿಗೆ ಸರಿಯಾಗಿ ಹೇಳಿಕೊಡುತ್ತಿದ್ದಳು. ಅಂಗಡಿ ಮುಚ್ಚಿದ ಮೇಲೂ ನಮ್ಮ ಚಟ ಮುಚ್ಚಲಿಲ್ಲ.

ಮದುವೆಯಾದ ವರ್ಷ ಆಷಾಢಕ್ಕೆ ಅವಳು ಮಸ್ಕಿಗೆ ಹೋದಳು. ಬಸ್ಸು ಹತ್ತುವಾಗ ಕಿಟಕಿಯಿಂದ, ಕಲ್ಲಿನ ಮೇಲೆ ಕುಂದರಬ್ಯಾಡ ಮತ್ತ ಎಂದಳು. ನಾನು ಮರುವಾರವೇ ಕರೆತರಲು ಹೋದೆ. ಹಾಗೆ ಹೋಗುವಂತಿಲ್ಲ ಎಂದು ಎಲ್ಲರೂ ಬೈದರು, ಆಯಿ ಮಾತ್ರ ತಂಬಿಗೆಯಲ್ಲಿ ನೀರು ಕಳಿಸಿದಳು. ಅದೂ ಒಂದೇ ತಂಬಿಗೆ. ಆಯಿ ಹೋಗಿ ಬಹಳ ಕಾಲವಾಯಿತು, ಆದರೆ ಆಷಾಢದ ಮೊದಲ ದಿನ ಇವಳು ಮಸ್ಕಿಗೆ ಹೋಗುವುದನ್ನು ಈಗಲೂ ಬಿಟ್ಟಿಲ್ಲ. ಇವತ್ತೂ ಹೋಗಿದ್ದಾಳೆ. ನಾನು ಸಂಜೆಯ ಬಸ್ಸಿಗೆ ಹೊರಡಬೇಕು, ಅಷ್ಟರಲ್ಲಿ ಇದನ್ನು ಮುಗಿಸಬೇಕೆಂದು ಮುಂಜಾನೆಯಿಂದ ಒತ್ತುತ್ತಿದ್ದೇನೆ.

ನೀವೂ ಬಾಡಿಗೆಗೆ ತಂದ ಇಂಥ ದೆವ್ವದ ಪ್ರೀತಿಯ ಕಾದಂಬರಿ ಓದಿದ್ದೀರೇನು? ಯಾರ ಜೊತೆ, ಯಾವ ಅಂಗಳದಲ್ಲಿ, ಯಾವ ಸಾಲಿಗೆ ಬಂದಾಗ ನಿಮ್ಮ ಬಾಯಿ ಕಟ್ಟಿತು, ಯಾವ ಸ್ಟಾಪು ತಪ್ಪಿತು? ಸಂಕೋಚವಿಲ್ಲದೆ ಕೆಳಗೆ ಬರೆಯಿರಿ, ಇವಳನ್ನು ಕರೆದುಕೊಂಡು ಬಂದ ಮೇಲೆ ಇಬ್ಬರೂ ಕುಳಿತು ಓದುತ್ತೇವೆ. ಮತ್ತೆ, ಬಿಳಿ ಸೀರೆಯ ಆ ಹುಡುಗಿಯ ಕಥೆಗೆ ಮೂರನೇ ಭಾಗ ಬಂದದ್ದನ್ನು ಯಾರಾದರೂ ಕಂಡಿದ್ದರೆ ದಯಮಾಡಿ ತಿಳಿಸಿರಿ. ತವರಿನಿಂದ ಮರಳಿದಳೇ ಎಂದು ನಮ್ಮ ಮನೆಯಲ್ಲಿ ಇನ್ನೂ ಕೇಳುತ್ತಾರೆ.